ರೋಮ್ ನಗರಕ್ಕೆ ಒಂದು ದಿನ ಸಾಕೇ? ತಂದೆ-ತಾಯಿಯೊಂದಿಗೆ ಹೋಗುತ್ತಿದ್ದೇವೆ, ಸಲಹೆ ಬೇಕು

ವರದಾತೀರ

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ ಮತ್ತು ಕಾಲೇಜಿಗೆ ಹೋಗುವ ಮಗಳೊಂದಿಗೆ ಇಟಲಿಗೆ ಹೋಗುವ ಯೋಚನೆಯಿದೆ. ಪ್ರವಾಸ ಸಂಸ್ಥೆಯೊಂದು ಕಳುಹಿಸಿರುವ ಪಟ್ಟಿಯಲ್ಲಿ ರೋಮ್‌ಗೆ ಒಂದೇ ದಿನ ಇಟ್ಟಿದ್ದಾರೆ: ಬೆಳಿಗ್ಗೆ ವ್ಯಾಟಿಕನ್, ಮಧ್ಯಾಹ್ನ ಹೊರಗಿನಿಂದ ಕೊಲೋಸಿಯಮ್, ಸಂಜೆ ಟ್ರೆವಿ ಕಾರಂಜಿ, ಮರುದಿನ ಬೆಳಿಗ್ಗೆ ಫ್ಲಾರೆನ್ಸ್ ಕಡೆಗೆ ಬಸ್ಸು. ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು. ವೃತ್ತಿಯುದ್ದಕ್ಕೂ ರೋಮನ್ ಸಾಮ್ರಾಜ್ಯದ ಪಾಠ ಮಾಡಿದವರಿಗೆ ಆ ನೆಲವನ್ನು ಒಮ್ಮೆ ಮೆಟ್ಟಬೇಕೆಂಬ ಆಸೆ ಮೊದಲಿನಿಂದಲೂ ಇದೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಈ ಪಟ್ಟಿಯನ್ನೇ ಒಪ್ಪಿಕೊಳ್ಳಬಹುದೇ, ಇಲ್ಲವೇ ರೋಮ್ ಭಾಗವನ್ನಾದರೂ ನಾವೇ ಯೋಜಿಸಿಕೊಳ್ಳುವುದು ಒಳ್ಳೆಯದೇ ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕಲ್ಲುಬರಹ

ವರದಾತೀರ ಅವರೇ, ನಿಮ್ಮ ತಂದೆಯವರ ಆಸೆಯನ್ನು ಓದಿದ ಮೇಲೆ ನೇರವಾಗಿಯೇ ಹೇಳುತ್ತೇನೆ, ಆ ಪಟ್ಟಿಯನ್ನು ಒಪ್ಪಿಕೊಳ್ಳಬೇಡಿ. ಬೇರೆ ಊರೊಂದನ್ನು ಕೈಬಿಟ್ಟರೂ ಚಿಂತೆಯಿಲ್ಲ, ರೋಮ್‌ಗೆ ನಾಲ್ಕು ದಿನವಾದರೂ ಕೊಡಿ. ರೋಮ್ ಒಂದರ ಮೇಲೊಂದು ಕಟ್ಟಿಕೊಂಡು ಬೆಳೆದ ಊರು. ಒಂದು ಕಾಲದ ದೇವಾಲಯ ಇನ್ನೊಂದು ಕಾಲದಲ್ಲಿ ಚರ್ಚ್ ಆಗಿದೆ, ಒಬ್ಬ ಚಕ್ರವರ್ತಿಯ ಕೆರೆಯಿದ್ದ ಜಾಗದಲ್ಲಿ ಇನ್ನೊಬ್ಬನ ರಂಗಮಂಡಲ ಎದ್ದಿದೆ, ಹಳೆಯ ಕಟ್ಟಡದ ಕಲ್ಲು ಹೊಸ ಅರಮನೆಯ ಗೋಡೆ ಸೇರಿದೆ. ಈ ಪದರಗಳು ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ. ಕಡಿಮೆ ಜಾಗಗಳನ್ನು ಆರಿಸಿಕೊಂಡು, ಪ್ರತಿಯೊಂದರ ಮುಂದೆಯೂ ಸಾವಕಾಶವಾಗಿ ನಿಂತು ನೋಡುವವರಿಗೆ ಮಾತ್ರ ಅವು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ತಲುಪಿದ ದಿನ ಸಂಜೆ ಟಿಕೆಟ್ಟಿನ ಯಾವ ಜಾಗಕ್ಕೂ ಹೋಗಬೇಡಿ. ಕ್ಯಾಪಿಟೊಲಿನ್ ಬೆಟ್ಟದ ಮೇಲೆ ಮೈಕೆಲೇಂಜೆಲೊ ರೂಪಿಸಿದ ಚೌಕವಿದೆ. ಅದರ ಪಕ್ಕದ ಇಳಿಜಾರಿನಲ್ಲಿ ಕಟ್ಟಡದ ಹಿಂಬದಿಗೆ ಬಂದರೆ ಪುರಾತನ ನಗರದ ಮುಖ್ಯ ಚೌಕವಾಗಿದ್ದ ರೋಮನ್ ಫೋರಮ್ ಇಡಿಯಾಗಿ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ, ಅದರ ಆಚೆ ತುದಿಯಲ್ಲಿ ಕೊಲೋಸಿಯಮ್. ತಂದೆಯವರನ್ನು ಅಲ್ಲಿ ನಿಲ್ಲಿಸಿ ಸುಮ್ಮನಿದ್ದುಬಿಡಿ. ಸೆನೆಟ್ ಸೇರುತ್ತಿದ್ದ ಕ್ಯೂರಿಯಾ, ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು, ವಿಜಯಿಗಳ ಮೆರವಣಿಗೆ ಸಾಗುತ್ತಿದ್ದ ವಿಯಾ ಸಾಕ್ರಾ ಹಾದಿ, ಇವನ್ನೆಲ್ಲ ಅವರೇ ನಿಮಗೆ ತೋರಿಸಬಲ್ಲರು.

ಮರುದಿನ ಫೋರಮ್‌ನ ಒಳಗೆ ಇಳಿದಾಗ ಆಂಟೊನೈನಸ್ ಮತ್ತು ಫೌಸ್ಟಿನಾ ದೇವಾಲಯದ ಮುಂದೆ ತಪ್ಪದೆ ನಿಲ್ಲಿ. ಕ್ರಿ.ಶ. 141ರಲ್ಲಿ, ತೀರಿಕೊಂಡ ತನ್ನ ಪತ್ನಿಗಾಗಿ ಚಕ್ರವರ್ತಿ ಆರಂಭಿಸಿದ ಗುಡಿ ಅದು. ಮುಂದಿನ ಎತ್ತರದ ಕಂಬಗಳು ಹಾಗೆಯೇ ಉಳಿದಿವೆ, ಅವುಗಳ ಹಿಂದೆ ನಂತರದ ಕಾಲದ ಚರ್ಚ್ ಇದೆ. ಆ ಚರ್ಚಿನ ಬಾಗಿಲನ್ನು ಗಮನಿಸಿ: ಮೆಟ್ಟಿಲಿಲ್ಲದೆ, ನೆಲದಿಂದ ಬಹಳ ಎತ್ತರದಲ್ಲಿ, ಗೋಡೆಯ ನಡುವೆ ತೂಗುಹಾಕಿದಂತೆ ಅದು ನಿಂತಿದೆ. ಬಾಗಿಲು ಇಟ್ಟ ಕಾಲದಲ್ಲಿ ನೆಲವೇ ಅಷ್ಟು ಮೇಲಿತ್ತು. ನೂರಾರು ವರ್ಷಗಳ ಮಣ್ಣು ಮತ್ತು ಕಟ್ಟಡಗಳ ಅವಶೇಷ ಫೋರಮ್ ಅನ್ನು ಹೂತುಹಾಕಿತ್ತು, ಮೇಲೆ ದನಗಳು ಮೇಯುತ್ತಿದ್ದವು, ಜನ ಅದನ್ನು ದನದ ಬಯಲೆಂದೇ ಕರೆಯುತ್ತಿದ್ದರು. ಉತ್ಖನನವಾಗಿ ಹಳೆಯ ನೆಲ ಹೊರಬಂದ ಮೇಲೆ ಬಾಗಿಲು ಮೇಲೆಯೇ ಉಳಿಯಿತು. ರೋಮ್ ಎಂದರೇನು ಎಂಬುದನ್ನು ನಿಮ್ಮ ಮಗಳಿಗೆ ಆ ಒಂದು ಬಾಗಿಲು ಹೇಳಿಕೊಡುತ್ತದೆ.

ಇದರ ಇನ್ನೊಂದು ಮುಖವನ್ನು ಕೊಲೋಸಿಯಮ್‌ನಿಂದ ಕೆಲವೇ ನಿಮಿಷಗಳ ನಡಿಗೆಯ ಸಾನ್ ಕ್ಲೆಮೆಂತೆ ಚರ್ಚಿನಲ್ಲಿ ಕಾಣಬಹುದು. ರಸ್ತೆಯ ಮಟ್ಟದಲ್ಲಿರುವುದು 12ನೆಯ ಶತಮಾನದ ಚರ್ಚ್. ಮೆಟ್ಟಿಲಿಳಿದರೆ ಅದರ ಕೆಳಗೆ 4ನೆಯ ಶತಮಾನದ ಚರ್ಚ್. ಇನ್ನೂ ಕೆಳಗಿಳಿದರೆ 1ನೆಯ ಶತಮಾನದ ಕಟ್ಟಡಗಳ ಓಣಿ, ಅದರೊಳಗೆ ಮಿತ್ರ ದೇವತೆಯ ಆರಾಧಕರು ಎದುರುಬದುರು ಕುಳಿತು ಊಟ ಮಾಡುತ್ತಿದ್ದ ಕಲ್ಲಿನ ಜಗಲಿಗಳಿರುವ ಗುಹೆಯಂತಹ ಕೋಣೆ. 1857ರಲ್ಲಿ ಜೋಸೆಫ್ ಮುಲ್ಲೂಲಿ ಎಂಬ ಐರಿಷ್ ಪಾದ್ರಿ ಅಗೆಸಲು ಆರಂಭಿಸುವವರೆಗೆ ಈ ಕೆಳಗಿನ ಲೋಕ ಯಾರಿಗೂ ತಿಳಿದಿರಲಿಲ್ಲ. ತಳದಲ್ಲಿ ನಿಂತರೆ ಗೋಡೆಯಾಚೆ ನೀರು ಹರಿಯುವ ಸದ್ದು ಇಂದಿಗೂ ಕೇಳುತ್ತದೆ. ನಡುವಿನ ಚರ್ಚಿನ ಗೋಡೆಯ ಮೇಲೆ 11ನೆಯ ಶತಮಾನದ ಕೊನೆಯ ಭಾಗದ ಚಿತ್ರವೊಂದಿದ್ದು, ಅದರ ಕೆಲವು ಪಾತ್ರಗಳ ಮಾತುಗಳನ್ನು ಲ್ಯಾಟಿನ್ ಬಿಟ್ಟು ಜನರ ಆಡುನುಡಿಯಲ್ಲಿ ಬರೆದಿದ್ದಾರೆ. ಇಟಾಲಿಯನ್ ಭಾಷೆಯ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಹಲ್ಮಿಡಿ ಶಾಸನದ ಮುಂದೆ ನಿಂತವರಿಗೆ ಆ ಗೋಡೆಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೆಟ್ಟಿಲುಗಳಿರುವುದರಿಂದ ಅಮ್ಮನವರು ಮೇಲಿನ ಚರ್ಚಿನಲ್ಲಿ ಕುಳಿತು ಅದರ ಹೊಂಬಣ್ಣದ ಮೊಸಾಯಿಕ್ ನೋಡುತ್ತಿರಬಹುದು.

ಮುಳ್ಳಯ್ಯನಗಿರಿ

ಕಲ್ಲುಬರಹ ಅವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಅವರು ಪ್ಯಾಂಥಿಯನ್ ಎಂಬ ಪುರಾತನ ಗುಡಿಯನ್ನು ಬಿಟ್ಟಿರುವುದು ನನಗೆ ಸರಿಕಾಣಲಿಲ್ಲ. ನಾನು ಕಟ್ಟಡ ನಿರ್ಮಾಣದ ಕ್ಷೇತ್ರದಲ್ಲಿರುವವನು, ಹಾಗಾಗಿ ಪಕ್ಷಪಾತವಿರಬಹುದು, ಆದರೂ ರೋಮ್‌ನಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದೆ ಎಂದರೆ ಪ್ಯಾಂಥಿಯನ್ ಎಂದೇ ಹೇಳುತ್ತೇನೆ.

ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿದ ಈ ಕಟ್ಟಡದ ಗುಮ್ಮಟದ ಒಳವ್ಯಾಸ 43.3 ಮೀಟರ್, ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೇ. ಅಂದರೆ ಒಳಗೆ ಒಂದು ಪೂರ್ಣ ಗೋಳ ಕೂರುತ್ತದೆ. ಇದರಲ್ಲಿ ಕಬ್ಬಿಣದ ಸರಳು ಒಂದೂ ಇಲ್ಲ, ಬರೀ ಕಾಂಕ್ರೀಟ್. ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಇಂದಿಗೂ ಇಲ್ಲ. ಅದು ನಿಂತಿರುವ ಗುಟ್ಟು ಕಾಂಕ್ರೀಟಿಗೆ ಬೆರೆಸಿದ ಕಲ್ಲಿನಲ್ಲಿದೆ. ಬುಡದಲ್ಲಿ ಭಾರವಾದ ಟ್ರಾವರ್ಟೀನ್, ಮೇಲೇರಿದಂತೆ ಹಗುರವಾದ ಟಫ್, ನೆತ್ತಿಯ ಹತ್ತಿರ ನೀರಿನ ಮೇಲೆ ತೇಲುವಷ್ಟು ಹಗುರಾದ ಪ್ಯೂಮಿಸ್. ಗೋಡೆಯ ದಪ್ಪ ಬುಡದಲ್ಲಿ ಸುಮಾರು 6 ಮೀಟರ್ ಇದ್ದದ್ದು ಮೇಲೆ ಸುಮಾರು 1.2 ಮೀಟರಿಗೆ ಇಳಿಯುತ್ತದೆ. ಒಳಮೈಯಲ್ಲಿ ಸಾಲಿಗೆ 28ರಂತೆ ಐದು ಸಾಲು ಚೌಕದ ಗುಳಿಗಳನ್ನು ಬಿಟ್ಟು ಭಾರವನ್ನು ಇನ್ನಷ್ಟು ಇಳಿಸಿದ್ದಾರೆ. ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೆರೆದ ಕಣ್ಣು, ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಬಂದರೆ ನೇರವಾಗಿ ಒಳಗೇ ಸುರಿಯುತ್ತದೆ. ನೆಲವನ್ನು ನಡುವೆ ತುಸು ಉಬ್ಬಿಸಿ, ಅಮೃತಶಿಲೆಯಲ್ಲಿ ಸಣ್ಣ ತೂತುಗಳನ್ನು ಕೊರೆದು, ನೀರು ತಾನಾಗಿ ಇಳಿದುಹೋಗುವಂತೆ ಮಾಡಿದ್ದಾರೆ. ಎಲ್ಲರೂ ತಲೆಯೆತ್ತಿ ನೋಡುವ ಆ ಜಾಗದಲ್ಲಿ ಒಮ್ಮೆ ತಲೆ ತಗ್ಗಿಸಿ ಆ ತೂತುಗಳನ್ನು ಹುಡುಕಿ.

609ರಲ್ಲಿ ಚರ್ಚ್ ಆಗಿ ಮಾರ್ಪಟ್ಟದ್ದರಿಂದಲೇ ಅದು ಉಳಿದುಕೊಂಡಿತು. ಆದರೂ 17ನೆಯ ಶತಮಾನದಲ್ಲಿ, ಬಾರ್ಬೆರಿನಿ ಮನೆತನದ ಪೋಪ್ 8ನೆಯ ಅರ್ಬನ್, ಮುಖಮಂಟಪದ ಕಂಚಿನ ತೊಲೆಗಳನ್ನು ಕಿತ್ತು ಬಹುಪಾಲನ್ನು ಫಿರಂಗಿ ಎರಕಕ್ಕೆ ಕಳುಹಿಸಿದರು. ಅನಾಗರಿಕರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಎಂದು ರೋಮ್‌ನ ಜನ ಆಗಲೇ ಆಡಿಕೊಂಡಿದ್ದರು. ಚಿತ್ರಕಾರ ರಾಫೆಲ್‌ನ ಸಮಾಧಿಯೂ ಒಳಗಿದೆ. 2023ರ ಜುಲೈನಿಂದ ಪ್ರವೇಶಕ್ಕೆ ಟಿಕೆಟ್ ಇದೆ. ಮೆಟ್ಟಿಲುಗಳ ಕಾಟವಿಲ್ಲ, ಅಮ್ಮನವರಿಗೂ ಅನುಕೂಲ.

ಇನ್ನು ಕೊಲೋಸಿಯಮ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಸಮಯ ಕಡಿಮೆಯಿದ್ದರೆ ಒಳಗೆ ಹೋಗದಿದ್ದರೂ ನಡೆಯುತ್ತದೆ. ಅದರ ಗಾತ್ರ ಮತ್ತು ಕಮಾನುಗಳ ಸಾಲು ಹೊರಗಿನಿಂದಲೇ ಚೆನ್ನಾಗಿ ತಿಳಿಯುತ್ತವೆ, ಒಳಗಿನ ಜನಜಂಗುಳಿ ವಯಸ್ಸಾದವರನ್ನು ದಣಿಸುತ್ತದೆ.

ಕಲ್ಲುಬರಹ

ಪ್ಯಾಂಥಿಯನ್ ವಿಷಯದಲ್ಲಿ ನಿಮ್ಮ ಮಾತೇ ಸರಿ, ನಿಮ್ಮಷ್ಟು ಚೆನ್ನಾಗಿ ನನಗೆ ವಿವರಿಸಲೂ ಆಗುತ್ತಿರಲಿಲ್ಲ. ಆದರೆ ಕೊಲೋಸಿಯಮ್ ವಿಷಯವನ್ನು ಒಪ್ಪಲಾರೆ. ಹೊರಗಿನಿಂದ ಕಾಣುವುದು ಕಟ್ಟಡದ ವೈಭವ ಮಾತ್ರ. ಒಳಗೆ ಹೋದಾಗ ಅಖಾಡದ ಹಲಗೆ ನೆಲ ಇಲ್ಲವಾಗಿ, ಅದರ ಅಡಿಯಲ್ಲಿದ್ದ ಕತ್ತಲೆ ಓಣಿಗಳೂ ಪ್ರಾಣಿಗಳನ್ನು ಮೇಲೆತ್ತುತ್ತಿದ್ದ ಬಾವಿಯಂತಹ ಕಿಂಡಿಗಳೂ ಬಯಲಾಗಿ ಕಾಣುತ್ತವೆ. ಸುಮಾರು 50,000 ಜನ ಕುಳಿತು ಏನನ್ನು ನೋಡಿ ಹಿಗ್ಗುತ್ತಿದ್ದರು, ಆ ಸಾವುಗಳನ್ನು ಎಷ್ಟು ಅಚ್ಚುಕಟ್ಟಾಗಿ ಸಜ್ಜುಗೊಳಿಸುತ್ತಿದ್ದರು ಎಂಬುದು ಆ ಓಣಿಗಳನ್ನು ಕಂಡಾಗಲೇ ಮನಸ್ಸಿಗೆ ತಾಕುತ್ತದೆ. ಇತಿಹಾಸ ಬೋಧಿಸಿದ ತಂದೆಯವರು ಅಷ್ಟು ದೂರ ಹೋಗಿ ಇದನ್ನು ನೋಡದೆ ಬರಬಾರದು. ಚಕ್ರವರ್ತಿ ವೆಸ್ಪಾಸಿಯನ್ ಆರಂಭಿಸಿ, ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ ಈ ಕಟ್ಟಡ ನೀರೊ ತನ್ನ ಅರಮನೆಗಾಗಿ ಮಾಡಿಸಿದ್ದ ಕೆರೆಯ ಜಾಗದಲ್ಲಿದೆ. ಹೊರಗೋಡೆಯ ತುಂಬ ಕಾಣುವ ತೂತುಗಳು, ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣದ ಕೊಂಡಿಗಳನ್ನು ಮಧ್ಯಯುಗದಲ್ಲಿ ಜನ ಕಿತ್ತುಕೊಂಡ ಗುರುತು. ಟಿಕೆಟ್ಟಿನ ಮೇಲೆ ಪ್ರತಿಯೊಬ್ಬರ ಹೆಸರೂ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿರುವಂತೆಯೇ ನಮೂದಿಸಿ, ಮೂಲ ಗುರುತಿನ ಚೀಟಿಯನ್ನು ಒಯ್ಯಿರಿ. ಅದೇ ಟಿಕೆಟ್ಟಿನಲ್ಲಿ ಫೋರಮ್ ಮತ್ತು ಪ್ಯಾಲಟೈನ್ ಬೆಟ್ಟವೂ ಸೇರಿರುತ್ತವೆ. ಮೇಲಿನ ಹಂತಕ್ಕೆ ಲಿಫ್ಟ್ ಇದೆ.

ಬೆಳ್ಳಿಚುಕ್ಕಿ

ವ್ಯಾಟಿಕನ್ ಬಗ್ಗೆ ನನ್ನದೊಂದು ಮಾತು. ಬಹಳಷ್ಟು ಜನ ವಸ್ತುಸಂಗ್ರಹಾಲಯ ಮತ್ತು ಸಂತ ಪೀಟರ್ ಬಸಿಲಿಕಾ ಎರಡೂ ಒಂದೇ ಎಂದುಕೊಂಡಿರುತ್ತಾರೆ. ಇವೆರಡರ ದ್ವಾರಗಳು ಬೇರೆ ಬೇರೆ ದಿಕ್ಕಿನಲ್ಲಿವೆ, ಗೋಡೆಯ ಪಕ್ಕದಲ್ಲೇ ಸಾಕಷ್ಟು ನಡೆಯಬೇಕು. ಸಂಗ್ರಹಾಲಯಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಬಸಿಲಿಕಾಗೆ ಪ್ರವೇಶ ಉಚಿತ, ಆದರೆ ತಪಾಸಣೆಯ ಸರದಿ ಉದ್ದವಿರುತ್ತದೆ. ಬೆಳಿಗ್ಗೆ ಬೇಗ ಹೋದವರಿಗೆ ಸುಖ. ಭುಜ, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಸೀರೆ, ಚೂಡಿದಾರಕ್ಕೆ ಯಾವ ತೊಂದರೆಯೂ ಇಲ್ಲ.

ಸಂಗ್ರಹಾಲಯದೊಳಗೆ, ಮೈಕೆಲೇಂಜೆಲೊ ಚಿತ್ರಗಳಿರುವ ಸಿಸ್ಟೀನ್ ಚಾಪೆಲ್ ತಲುಪುವ ಮೊದಲು ಮೈಲುಗಟ್ಟಲೆ ಅನಿಸುವಂತಹ ಮೊಗಸಾಲೆಗಳಿವೆ. ಅಮ್ಮನವರಿಗಾಗಿ ಅಲ್ಲಿ ಗಾಲಿಕುರ್ಚಿ ಕೇಳಿ ಪಡೆಯಿರಿ, ಕೊಡುತ್ತಾರೆ. ಕುರ್ಚಿ ಕೇಳುವುದಕ್ಕೆ ನಮ್ಮ ಹಿರಿಯರು ಸಂಕೋಚಪಡುತ್ತಾರೆ. ಆ ಸಂಕೋಚಕ್ಕೆ ಎಡೆಗೊಡಬೇಡಿ, ಕಾಲು ಸೋತ ಮೇಲೆ ಮೈಕೆಲೇಂಜೆಲೊ ಕೂಡ ರುಚಿಸುವುದಿಲ್ಲ. ಚಾಪೆಲ್‌ನ ಒಳಛಾವಣಿಯ ಚಿತ್ರಗಳನ್ನು ಅವರು 1508ರಿಂದ 1512ರವರೆಗೆ ಬರೆದರು. ಎದುರು ಗೋಡೆಯ ಅಂತಿಮ ತೀರ್ಪಿನ ಚಿತ್ರವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1541ರಲ್ಲಿ ಮುಗಿಸಿದರು. ಒಳಛಾವಣಿಯಲ್ಲಿ ಆತ್ಮವಿಶ್ವಾಸ ತುಂಬಿದ ದೇಹಗಳು, ಗೋಡೆಯಲ್ಲಿ ಭಯದಿಂದ ಕುಗ್ಗಿದ ದೇಹಗಳು. ಒಂದೇ ಕೈ ಈ ಎರಡನ್ನೂ ಬರೆದಿದೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಅದರಿಂದ ನೋಡುವವರಿಗೆ ಒಳ್ಳೆಯದೇ ಆಗಿದೆ.

ಹೊರಗಿನ ಚೌಕದಲ್ಲಿ ಮಗಳಿಗೆ ತೋರಿಸಬೇಕಾದದ್ದೊಂದಿದೆ. ಶಿಲ್ಪಿ ಬರ್ನಿನಿ ಈ ಚೌಕದ ಎರಡೂ ಬದಿಗೆ ನಾಲ್ಕು ನಾಲ್ಕು ಸಾಲಿನಂತೆ 284 ಕಂಬಗಳನ್ನು ಬಾಗಿಸಿ ನಿಲ್ಲಿಸಿದ್ದಾನೆ. ನಡುವಿನ ಈಜಿಪ್ಟಿನ ಶಿಲಾಸ್ತಂಭಕ್ಕೂ ಕಾರಂಜಿಗೂ ಮಧ್ಯೆ ನೆಲದಲ್ಲಿ ದುಂಡನೆಯ ಕಲ್ಲೊಂದನ್ನು ಕೂರಿಸಿದ್ದಾರೆ. ಅದರ ಮೇಲೆ ನಿಂತು ಆ ಬದಿಯ ಕಂಬಗಳನ್ನು ನೋಡಿದರೆ ಹಿಂದಿನ ಮೂರು ಸಾಲುಗಳು ಮಾಯವಾಗಿ ಒಂದೇ ಸಾಲು ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಕಾಡಿನ ಮರಗಳಂತೆ ಎಲ್ಲವೂ ಮತ್ತೆ ಹೊರಬರುತ್ತವೆ.

ಮೆಣಸಿನಬಳ್ಳಿ

ಇಷ್ಟು ಹೊತ್ತು ಓದುತ್ತಿದ್ದೆ. ಇತಿಹಾಸ ಮೇಷ್ಟ್ರು ಹೋಗುತ್ತಿದ್ದಾರೆ ಎಂದ ಮೇಲೆ ನಮ್ಮ ನೆಲಕ್ಕೂ ರೋಮ್‌ಗೂ ಇದ್ದ ನಂಟನ್ನು ಹೇಳದಿರಲಾರೆ.

ಫೋರಮ್‌ನಲ್ಲಿ ಮ್ಯಾಕ್ಸೆಂಟಿಯಸ್‌ನ ಬಸಿಲಿಕಾ ಎಂಬ ಮೂರು ಭಾರಿ ಕಮಾನುಗಳ ಕಟ್ಟಡವಿದೆ. ಅದು ಎದ್ದಿರುವ ಜಾಗದಲ್ಲಿ ಅದಕ್ಕೂ ಮೊದಲು ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಮೆಣಸಿನ ಉಗ್ರಾಣಗಳಿದ್ದವು. ಮಲಬಾರ್ ಕರಾವಳಿಯಿಂದ ಮಾನ್ಸೂನ್ ಗಾಳಿ ಹಿಡಿದು ಕೆಂಪು ಸಮುದ್ರ ದಾಟಿ, ಅಲೆಕ್ಸಾಂಡ್ರಿಯಾದ ಮೂಲಕ ಬರುತ್ತಿದ್ದ ಕರಿಮೆಣಸನ್ನು ನಗರದ ನಟ್ಟನಡುವೆ ದಾಸ್ತಾನು ಮಾಡುತ್ತಿದ್ದರು. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಕರಿಮೆಣಸು ಪೌಂಡಿಗೆ 4 ದಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ಎಂದು ಬೆಲೆ ಬರೆದಿಟ್ಟಿದ್ದಾನೆ. ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣವನ್ನು ಹೀರಿಕೊಳ್ಳುತ್ತಿದೆ ಎಂದು ಗೊಣಗಿಯೂ ಇದ್ದಾನೆ. ಆ ಹಣದ ಒಂದಂಶ ಎಲ್ಲಿಗೆ ಬಂತೆಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು, ಅವುಗಳಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್‌ನ ನಾಣ್ಯಗಳಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ರೋಮನ್ ನಾಣ್ಯಗಳು ದೊರೆತಿವೆ. ಪ್ಯಾಲಟೈನ್ ಬೆಟ್ಟದಲ್ಲಿ ಅಗಸ್ಟಸ್‌ನ ಮನೆಯ ಹತ್ತಿರ ನಿಂತಾಗ ತಂದೆಯವರಿಗೆ ಇದನ್ನು ನೆನಪಿಸಿ. ಮೆಣಸು ಬೆಳೆಯುವ ಮನೆಯವನಾದ ನನಗೆ ಆ ಮೂರು ಕಮಾನುಗಳ ಮುಂದೆ ನಿಂತಾಗ ಆದ ಸಂತೋಷ ಟ್ರೆವಿ ಕಾರಂಜಿಯ ಮುಂದೆ ಆಗಲಿಲ್ಲ.

ಪಿಯಾಜಾ ನವೋನಾ ಎಂಬ ಚೌಕಕ್ಕೂ ಹೋಗಿ. ಬರ್ನಿನಿಯ ನಾಲ್ಕು ನದಿಗಳ ಕಾರಂಜಿಯಲ್ಲಿ (1651) ನೈಲ್, ಡ್ಯಾನ್ಯೂಬ್, ಪ್ಲಾತಾ ನದಿಗಳ ಜೊತೆಗೆ ನಮ್ಮ ಗಂಗೆಯೂ ಇದ್ದಾಳೆ. ಆದರೆ ಅಲ್ಲಿ ಗಂಗೆ ಉದ್ದದ ಹುಟ್ಟು ಹಿಡಿದು ಕುಳಿತ ಗಡ್ಡದ ಪುರುಷ! ಅಮ್ಮನವರು ಇದನ್ನು ಒಪ್ಪುವುದು ಕಷ್ಟ, ಆದರೂ ಬಂಡೆಗೆ ಒರಗಿದ ಆ ದೇಹದ ಕೆತ್ತನೆಯನ್ನು ಕಣ್ತುಂಬ ನೋಡಬೇಕು.

ಹೇಮಾವತಿ

ಊಟದ ವಿಚಾರವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ರೋಮ್‌ನಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿಳಿಯಬೇಕು. ಕಾರ್ಬೊನಾರಾ ಮತ್ತು ಅಮಾತ್ರಿಚಾನಾ ಎರಡರಲ್ಲೂ ಹಂದಿಯ ಕೆನ್ನೆಯ ಮಾಂಸವಿರುತ್ತದೆ. ಸುಪ್ಲಿ ಎಂಬ ಅನ್ನದ ಕರಿದ ಉಂಡೆ ಮೇಲ್ನೋಟಕ್ಕೆ ನಮ್ಮ ಬೋಂಡಾದಂತೆ ಕಂಡರೂ ಒಳಗಿನ ಸಾರಿಗೆ ಹಲವೆಡೆ ಮಾಂಸ ಹಾಕುತ್ತಾರೆ. ಚೀಸ್ ಮತ್ತು ಮೆಣಸಿನ ಪುಡಿಯಲ್ಲಿ ಕಲಸಿದ ಕಾಚೊ ಎ ಪೆಪೆ ಪಾಸ್ತಾದಲ್ಲಿ ಮಾಂಸವಿಲ್ಲ, ಆದರೆ ಪೆಕೊರಿನೊ ಚೀಸ್ ಹೆಪ್ಪುಗಟ್ಟಿಸಲು ಕುರಿಮರಿಯ ಹೊಟ್ಟೆಯ ಅಂಶ ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಬೇಕು. ಟೊಮೆಟೊ ಮಾತ್ರ ಸವರಿದ ಪಿಜಾ ರೊಸ್ಸಾ, ಯಹೂದಿ ಕೇರಿಯಲ್ಲಿ ಗರಿಗರಿಯಾಗಿ ಕರಿದು ಕೊಡುವ ಆರ್ಟಿಚೋಕ್ ಹೂವು, ಇವು ನಿಶ್ಚಿಂತೆಯ ತಿನಿಸುಗಳು. ಏಪ್ರಿಲ್ ಆರ್ಟಿಚೋಕ್‌ನ ಕಾಲವೂ ಹೌದು. ಟರ್ಮಿನಿ ನಿಲ್ದಾಣದ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆಯಲ್ಲಿ ಅಕ್ಕಿ, ಬೇಳೆ, ಕೊತ್ತಂಬರಿ, ಹಸಿಮೆಣಸು ಎಲ್ಲವೂ ಸಿಗುತ್ತವೆ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದರೆ ರಾತ್ರಿ ಅನ್ನ-ಸಾರು ಮಾಡಿಕೊಳ್ಳಬಹುದು. ಹಿರಿಯರೊಂದಿಗೆ ಹೋಗುವಾಗ ಇದು ದೊಡ್ಡ ಸಮಾಧಾನ.

ನೀರಿನ ಬಾಟಲಿ ಕೊಳ್ಳಬೇಡಿ. ಬೀದಿ ಬೀದಿಯಲ್ಲೂ ಬಾಗಿದ ಮೂಗಿನಂತಹ ನಳಿಗೆಯ ಕಬ್ಬಿಣದ ಕಂಬಗಳಿವೆ, ನಾಸೋನಿ ಎನ್ನುತ್ತಾರೆ, 1874ರಿಂದ ಇರುವ ಏರ್ಪಾಡು. ಹಗಲಿರುಳೂ ತಣ್ಣನೆಯ ಕುಡಿಯುವ ನೀರು ಹರಿಯುತ್ತದೆ. ನಳಿಗೆಯ ಬಾಯಿಗೆ ಬೆರಳಿಟ್ಟು ಮುಚ್ಚಿದರೆ ಅದರ ಮೇಲ್ಭಾಗದ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಬಗ್ಗಲಾಗದ ಅಮ್ಮನವರು ನಿಂತೇ ಕುಡಿಯಬಹುದು. ಹಳೆಯ ನಗರದ ಬೀದಿಗಳಿಗೆ ಸಣ್ಣ ಕಪ್ಪು ಕಲ್ಲುಗಳನ್ನು ಹಾಸಿದ್ದಾರೆ, ಮಂಡಿನೋವಿನವರಿಗೆ ಅದೇ ದೊಡ್ಡ ತೊಡಕು. ದಪ್ಪ ಅಟ್ಟೆಯ ಪಾದರಕ್ಷೆ ಇರಲಿ. ಫೋರಮ್ ಒಳಗಿನ ಪುರಾತನ ಹಾದಿ ಇನ್ನೂ ಒರಟು.

ವರದಾತೀರ

ಇಷ್ಟು ಪ್ರೀತಿಯಿಂದ ಬರೆದ ಎಲ್ಲರಿಗೂ ಋಣಿ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಯಶವಂತಪುರದ ನಾಣ್ಯಗಳ ಮಾತು ಬಂದಾಗ ಅವರೇ ಎದ್ದು ಹಳೆಯ ಪುಸ್ತಕ ಹುಡುಕತೊಡಗಿದರು. ಪ್ರವಾಸ ಸಂಸ್ಥೆಯ ಪಟ್ಟಿಯನ್ನು ಕೈಬಿಟ್ಟಿದ್ದೇವೆ. ಶನಿವಾರ ರಾತ್ರಿ ರೋಮ್ ತಲುಪಿ ಗುರುವಾರ ಬೆಳಿಗ್ಗೆ ಫ್ಲಾರೆನ್ಸ್‌ಗೆ ರೈಲು ಹಿಡಿಯುವುದೆಂದು ತೀರ್ಮಾನವಾಗಿದೆ. ಯಾವ ದಿನ ಯಾವುದನ್ನು ಇಟ್ಟುಕೊಳ್ಳಬೇಕು, ಯಾವ ದಿನ ಯಾವುದು ಮುಚ್ಚಿರುತ್ತದೆ ಎಂಬುದನ್ನು ತಿಳಿಸಿದರೆ ಉಪಕಾರ.

ಬೆಳ್ಳಿಚುಕ್ಕಿ

ವ್ಯಾಟಿಕನ್ ಸಂಗ್ರಹಾಲಯ ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತ ಪ್ರವೇಶವಿದೆ. ಆ ದಿನದ ನೂಕುನುಗ್ಗಲು ನಿಮಗೆ ಬೇಡ. ಬುಧವಾರ ಬೆಳಿಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನ ಚೌಕದಲ್ಲೇ ನಡೆಯುವುದರಿಂದ ಬಸಿಲಿಕಾಗೆ ಹೋಗುವುದು ಕಷ್ಟ. ಹಾಗಾಗಿ ವ್ಯಾಟಿಕನ್ ಅನ್ನು ಮಂಗಳವಾರಕ್ಕಿಡಿ.

ಕಲ್ಲುಬರಹ

ಭಾನುವಾರ ಕೊಲೋಸಿಯಮ್‌ನಿಂದ ನಗರದ ನಡುವಿಗೆ ಬರುವ ಅಗಲವಾದ ಫೋರಿ ಇಂಪೀರಿಯಾಲಿ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ಸಮತಟ್ಟಾದ ದಾರಿ, ಎರಡೂ ಬದಿಗೆ ಚಕ್ರವರ್ತಿಗಳ ಫೋರಮ್‌ಗಳು, ಟ್ರೇಜನ್‌ನ ಸ್ತಂಭ. ಅಮ್ಮನವರಿಗೆ ಅಂದು ಅದೇ ಸಾಕು. ಸಂಜೆ ಟ್ಯಾಕ್ಸಿಯಲ್ಲಿ ಕ್ಯಾಪಿಟೊಲಿನ್ ಬೆಟ್ಟದ ಹತ್ತಿರ ಇಳಿದು ಫೋರಮ್‌ನ ನೋಟ ನೋಡಿ. ಕೊಲೋಸಿಯಮ್ ಮತ್ತು ಫೋರಮ್ ಸೋಮವಾರ ಬೆಳಿಗ್ಗೆ, ಬಾಗಿಲು ತೆರೆಯುವ ಹೊತ್ತಿಗೇ ಆಗಲಿ. ಮಧ್ಯಾಹ್ನ ಸಾನ್ ಕ್ಲೆಮೆಂತೆ. ಬುಧವಾರ ಪ್ಯಾಂಥಿಯನ್, ನವೋನಾ, ಟ್ರೆವಿ. ಮೂರೂ ಹತ್ತಿರ ಹತ್ತಿರ ಇವೆ, ಟ್ರೆವಿಗೆ ಬೆಳಗಿನ ಜಾವ ಹೋದರೆ ಕಾರಂಜಿಯ ನೀರಿನ ಸದ್ದು ಕಿವಿಗೆ ಬೀಳುತ್ತದೆ. ನವೋನಾಗೆ ಹೋಗುವಾಗ ದಾರಿಯಲ್ಲಿ ಸಾನ್ ಲುಯಿಜಿ ದೇಯ್ ಫ್ರಾಂಚೇಜಿ ಚರ್ಚಿಗೆ ತಪ್ಪದೆ ಹೊಕ್ಕು ಬನ್ನಿ. ಎಡಬದಿಯ ಕೊನೆಯ ಗೂಡಿನಲ್ಲಿ ಸಂತ ಮ್ಯಾಥ್ಯೂ ಕುರಿತ, ಚಿತ್ರಕಾರ ಕಾರವಾಜೊನ ಮೂರು ಚಿತ್ರಗಳಿವೆ, ಪ್ರವೇಶಕ್ಕೆ ಹಣವಿಲ್ಲ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ಮಾತ್ರ ದೀಪ ಹತ್ತಿ ಚಿತ್ರಗಳು ಕಾಣುತ್ತವೆ, ಚಿಲ್ಲರೆ ಜೇಬಿನಲ್ಲಿರಲಿ.